ಮುಂದಿನ ಪಂದ್ಯ, ಹಿಂದಿನದು ಮುಗಿದ ಮೇಲೆ

ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪ್ರತಿ ಮಾರ್ಚ್‌ನಲ್ಲಿ ನಡೆಯುವ ಬಿಗ್ ಈಸ್ಟ್ ಕಾಲೇಜು ಪುರುಷರ ಬಾಸ್ಕೆಟ್‌ಬಾಲ್ ಟೂರ್ನಿಯ ವೇಳಾಪಟ್ಟಿಯಲ್ಲಿ ಅರ್ಧದಷ್ಟು ಸಮಯ ನಿಜ, ಉಳಿದರ್ಧ ಮನಸ್ಸಿನ ಸಮಾಧಾನಕ್ಕೆ. ಗುರುವಾರ ಮಧ್ಯಾಹ್ನ 12ರ ಪಂದ್ಯ 12ಕ್ಕೇ ಶುರು, ಟಿವಿಯವರು ಬಿಡುವುದಿಲ್ಲ. ಅದರ ಕೆಳಗೆ 2:30 ಅಂತ ಅಚ್ಚಾಗಿರುವ ಪಂದ್ಯದ ಮುಹೂರ್ತ ಮಾತ್ರ ಯಾವ ಜೋಯಿಸರ ಕೈಲೂ ಇಲ್ಲ. ಹಿಂದಿನದು ಮುಗಿಯಬೇಕು, ಆಟಗಾರರು ಬೆವರು ಒರೆಸಿಕೊಂಡು ಹೊರಡಬೇಕು, ನೆಲ ಒರೆಸಬೇಕು, ಹೊಸಬರು ಅರ್ಧ ಗಂಟೆ ಮೈ ಬಿಸಿ ಮಾಡಿಕೊಳ್ಳಬೇಕು. ಆಮೇಲೆ ಆಟ.

ಒಂದೇ ಛತ್ರದಲ್ಲಿ ಒಂದೇ ದಿನ ನಾಲ್ಕು ಮದುವೆ ಇಟ್ಟುಕೊಂಡರೆ ಏನಾಗುತ್ತದೋ ಅದೇ ಇಲ್ಲಿ ಆಗುವುದು. ಮೊದಲನೆಯವರು ಇನ್ನೂ ಪಂಕ್ತಿಯಲ್ಲಿ ಪಾಯಸಕ್ಕೆ ಕಾಯುತ್ತಿರುವಾಗ ಎರಡನೆಯವರ ವಾಲಗ ಬಾಗಿಲಲ್ಲಿ. ಇಲ್ಲಿ ವಾಲಗದ ಬದಲು ಟ್ರಂಬೋನು, ಸ್ಯಾಕ್ಸೊಫೋನು ಹಿಡಿದ ಕಾಲೇಜು ಹುಡುಗ ಹುಡುಗಿಯರು. ಹಿಂದಿನ ಪಂದ್ಯ ಸರಿಸಮವಾಗಿ ನಿಂತು ಓವರ್‌ಟೈಮಿಗೆ ಹೋದರೆ ಸುರಂಗದಂಥ ಪಡಸಾಲೆಯಲ್ಲಿ ಗೋಡೆಗೊರಗಿ ನಿಂತಿರುತ್ತಾರೆ.

ಬಿಗ್ ಈಸ್ಟ್ ಒಂದು ಕಾನ್ಫರೆನ್ಸ್, ಅಂದರೆ ಲೀಗ್ ಪಂದ್ಯಗಳನ್ನು ತಮ್ಮತಮ್ಮಲ್ಲೇ ಆಡಿಕೊಳ್ಳುವ ವಿಶ್ವವಿದ್ಯಾಲಯಗಳ ಕೂಟ. ಲೀಗ್ ಪಂದ್ಯಗಳೆಲ್ಲ ಮುಗಿದ ಮೇಲೆ ಒಂದು ಊರಲ್ಲಿ ಎಲ್ಲರನ್ನೂ ಸೇರಿಸಿ ನಾಕೌಟ್ ಆಡಿಸುತ್ತಾರೆ. ಬಿಗ್ ಈಸ್ಟ್ ಈ ಕೆಲಸವನ್ನು 1983ರಿಂದ ಗಾರ್ಡನ್‌ನಲ್ಲೇ ಮಾಡುತ್ತಾ ಬಂದಿದೆ. ಈಗ ತಂಡಗಳು 11. ಹತ್ತು ತಂಡ ಮನೆಗೆ ಹೋಗಬೇಕಾದರೆ ಹತ್ತು ಪಂದ್ಯ ಬೇಕು: ಬುಧವಾರ 3, ಗುರುವಾರ 4, ಶುಕ್ರವಾರ 2, ಶನಿವಾರ ಫೈನಲ್. ಲೀಗ್‌ನಲ್ಲಿ ಮೊದಲ ಐದು ಸ್ಥಾನದವರಿಗೆ ಬುಧವಾರ ರಜಾ. ಆರರಿಂದ ಹನ್ನೊಂದರವರು ಬುಧವಾರವೇ ಸೊಂಟ ಕಟ್ಟಬೇಕು, ಕಪ್ ಬೇಕೆಂದರೆ ನಾಲ್ಕು ದಿನದಲ್ಲಿ ನಾಲ್ಕು ಆಟ ಗೆಲ್ಲಬೇಕು.

ಈಗ ಲೆಕ್ಕಕ್ಕೆ ಬನ್ನಿ. ಮಧ್ಯಾಹ್ನ 12ಕ್ಕೂ 2:30ಕ್ಕೂ ನಡುವೆ 150 ನಿಮಿಷ. ಮೈ ಬಿಸಿ ಮಾಡಿಕೊಳ್ಳಲು 30 ನಿಮಿಷ ತೆಗೆದರೆ ಆಟಕ್ಕೆ ಉಳಿದದ್ದು ಎರಡೇ ಗಂಟೆ. ಗಡಿಯಾರದ ಪ್ರಕಾರ ಆಟ ಬರೀ 40 ನಿಮಿಷದ್ದು, 20ರ ಎರಡು ಅವಧಿ, ನಡುವೆ 15 ನಿಮಿಷದ ವಿರಾಮ. ಹಾಗಿದ್ದರೆ ಒಂದು ಗಂಟೆಯಲ್ಲಿ ಮುಗಿಯಬೇಕಲ್ಲ ಎಂದು ಕೇಳುವವರು ಬಾಸ್ಕೆಟ್‌ಬಾಲ್ ಟಿವಿಗೆ ಎಷ್ಟು ಋಣಿ ಎಂಬುದನ್ನು ನೋಡಿಲ್ಲ.

ಪ್ರತಿ ಅವಧಿಯಲ್ಲಿ ಜಾಹೀರಾತಿಗಾಗಿ ನಾಲ್ಕು ಟೈಮ್‌ಔಟ್ ಖಾಯಂ. 20ರಿಂದ ಕೆಳಗಿಳಿಯುವ ಗಡಿಯಾರ 16, 12, 8, 4 ನಿಮಿಷಗಳನ್ನು ದಾಟಿದ ಮೇಲೆ ಆಟ ಮೊದಲ ಬಾರಿ ನಿಂತಾಗ ಇವು ಬರುತ್ತವೆ. ಎಡವಟ್ಟು ಇರುವುದು ಆ 'ಮೊದಲ ಬಾರಿ ನಿಂತಾಗ'ದಲ್ಲಿ. ಎರಡೂ ತಂಡ ಚೆನ್ನಾಗಿ ಆಡುತ್ತಾ, ಯಾರೂ ಫೌಲ್ ಮಾಡದೆ, ಚೆಂಡು ಗೆರೆ ದಾಟದೆ ಓಡಾಡಿದರೆ 16ರ ಟೈಮ್‌ಔಟ್ ಮುಂದೆ ಮುಂದೆ ಹೋಗಿ ಗಡಿಯಾರ 12:10 ತೋರಿಸುವಾಗ ಬರಬಹುದು. ಜಾಹೀರಾತು ಮುಗಿಸಿ ಬರುತ್ತಾರೆ, ಇಪ್ಪತ್ತು ಸೆಕೆಂಡ್ ಆಡುತ್ತಾರೆ, 11:50ಕ್ಕೆ ಯಾರದೋ ಮೊಣಕೈ ತಾಗಿ ಸೀಟಿ. ಅದು 12ರ ಟೈಮ್‌ಔಟ್! ಮತ್ತೆ ಅದೇ ಕಾರು, ಅದೇ ಇನ್ಶೂರೆನ್ಸು. ಸೊಗಸಾದ ಆಟಕ್ಕೆ ಸಿಗುವ ಬಹುಮಾನ ಇದು. ಸಾಲದ್ದಕ್ಕೆ ದ್ವಿತೀಯಾರ್ಧದಲ್ಲಿ ತಂಡವೊಂದು ತಾನಾಗಿ ಕೇಳುವ ಮೊದಲ ಟೈಮ್‌ಔಟ್ ಕೂಡ ಟಿವಿಯ ಖಾತೆಗೇ ಜಮಾ. ತಿಂಡಿ ತರಲು ಏಳುವವರಿಗೆ ಒಂದು ಸೂತ್ರ: ಗಡಿಯಾರ 16, 12, 8, 4ರ ಸ್ವಲ್ಪ ಮೇಲಿದ್ದರೆ ಕೂತಿರಿ, ಕೆಳಗಿಳಿದಿದ್ದರೆ ಕಾಲು ಸಡಿಲ ಮಾಡಿಕೊಳ್ಳಿ, ಸೀಟಿ ಬಿದ್ದ ಕೂಡಲೇ ಓಡಿ. ವಿರಾಮದಲ್ಲಿ ಎದ್ದರೆ ಇಡೀ ಗಾರ್ಡನ್ ನಿಮ್ಮ ಮುಂದೆ ಸಾಲಿನಲ್ಲಿರುತ್ತದೆ.

ಸೀಟಿಯೇ ಬೀಳದ ಆಟ ಬೇಕೆಂದರೆ 1968ಕ್ಕೆ ಹೋಗಬೇಕು. ಎಸಿಸಿ ಎಂಬ ಇನ್ನೊಂದು ಕಾನ್ಫರೆನ್ಸ್ ಷಾರ್ಲಟ್‌ನಲ್ಲಿ ನಡೆಸಿದ ಟೂರ್ನಿಯ ಸೆಮಿಫೈನಲ್‌ನಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ತಂಡ ಡ್ಯೂಕ್ ವಿಶ್ವವಿದ್ಯಾಲಯವನ್ನು ಸೋಲಿಸಿತು. ಸ್ಕೋರು 12-10, ಅದೂ ಪೂರ್ತಿ 40 ನಿಮಿಷ ಆಡಿ. ಇಷ್ಟು ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು ಎನ್ನುವ ಶಾಟ್ ಕ್ಲಾಕ್ ಆಗ ಇರಲಿಲ್ಲ. ಚೆಂಡು ಇಟ್ಟುಕೊಂಡು ಸುಮ್ಮನೆ ನಿಂತರೆ ಕೇಳುವವರಿಲ್ಲ. ಟಿಕೆಟ್ ಕೊಂಡವರು ಮಾತ್ರ ಕೇಳಿಕೊಂಡಿರಬೇಕು, ತಮ್ಮನ್ನೇ. 1985-86ರಲ್ಲಿ 45 ಸೆಕೆಂಡಿನ ಶಾಟ್ ಕ್ಲಾಕ್ ಬಂತು. ಈಗ ಅದು 30.

ತಡವಾಗುವುದರಲ್ಲಿ ದಾಖಲೆ ಬರೆದದ್ದು 2009ರ ಮಾರ್ಚ್ 12, ಗುರುವಾರದ ಕೊನೆಯ ಕ್ವಾರ್ಟರ್‌ಫೈನಲ್. ಸಿರಕ್ಯೂಸ್ ಮತ್ತು ಕನೆಕ್ಟಿಕಟ್. ನಿಗದಿತ ಆಟ 71-71ರಲ್ಲಿ ನಿಂತಾಗ ಸಿರಕ್ಯೂಸ್‌ನ ಎರಿಕ್ ಡೆವೆಂಡಾರ್ಫ್ ಬಝರ್ ಜೊತೆಗೇ ದೂರದಿಂದ ಚೆಂಡು ಹಾಕಿದ. ಬಿತ್ತು. ಆತ ಸ್ಕೋರರ್ ಮೇಜಿನ ಮೇಲೆ ಹತ್ತಿ ನಿಂತು ಜನರ ಕಡೆ ಕೈ ಬೀಸಿದ. ರೆಫರಿಗಳು ಟಿವಿ ಪರದೆಯಲ್ಲಿ ನೋಡುತ್ತಾರೆ: ಗಡಿಯಾರ ಸೊನ್ನೆಗೆ ಬಂದಾಗ ಚೆಂಡು ಇನ್ನೂ ಬೆರಳ ತುದಿಯಲ್ಲಿದೆ. ಬಾಸ್ಕೆಟ್ ರದ್ದು. ಮೇಜಿನಿಂದ ಇಳಿಯಬೇಕು, ಓವರ್‌ಟೈಮ್ ಆಡಬೇಕು.

ಓವರ್‌ಟೈಮ್ ಅಂದರೆ ಐದು ನಿಮಿಷ. ಅಂದು ಆರು ಬಾರಿ ಆಡಿದರು. ಮೊದಲ ಐದರಲ್ಲಿ ಸಿರಕ್ಯೂಸ್ ಒಮ್ಮೆಯೂ ಮುಂದೆ ಇರಲಿಲ್ಲ. ಪ್ರತಿ ಸಲ ಹಿಂದೆ ಬಿದ್ದು, ಪ್ರತಿ ಸಲ ಸರಿಸಮ ಮಾಡಿ, ಜನರನ್ನು ಮನೆಗೆ ಹೋಗಲು ಬಿಡಲಿಲ್ಲ. ಐದು ಫೌಲ್ ಆದವನು ಹೊರಗೆ ಎಂಬ ನಿಯಮದಿಂದ ಎರಡೂ ಕಡೆ ಸೇರಿ ಎಂಟು ಮಂದಿ ಬೆಂಚಿಗೆ ಹೋದರು. ಒಟ್ಟು 70 ನಿಮಿಷದ ಆಟದಲ್ಲಿ ಸಿರಕ್ಯೂಸ್‌ನ ಜಾನಿ ಫ್ಲಿನ್ 67 ನಿಮಿಷ ಅಂಕಣದಲ್ಲೇ ಇದ್ದ. 127-117ಕ್ಕೆ ಸಿರಕ್ಯೂಸ್ ಗೆದ್ದಾಗ ನ್ಯೂಯಾರ್ಕಿನಲ್ಲಿ ಬೆಳಗಿನ ಜಾವ 1:22. ಗಾರ್ಡನ್ ಕೆಳಗೇ ಪೆನ್ ಸ್ಟೇಷನ್ ಇದೆ, ಸೌಕರ್ಯವೇನೋ ಸರಿ; ಆದರೆ ಆ ಹೊತ್ತಿಗೆ ನ್ಯೂಜರ್ಸಿ ಕಡೆಗೆ ರೈಲುಗಳು ವಿರಳ. ಎಡಿಸನ್ ಸುತ್ತಮುತ್ತ ಇರುವ ನಮ್ಮವರು ಗುರುವಾರದ ರಾತ್ರಿ ಟಿಕೆಟ್ ತೆಗೆದುಕೊಳ್ಳುವ ಮುಂಚೆ ಕೊನೆಯ ರೈಲಿನ ಸಮಯ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಬರೆದಿಟ್ಟುಕೊಂಡರೂ ನಾಲ್ಕನೇ ಓವರ್‌ಟೈಮಿನಲ್ಲಿ ಎದ್ದು ಹೋಗುವ ಗಂಡೆದೆ ಯಾರಿಗಿದೆಯೋ ಕಾಣೆ.

ಇಷ್ಟೆಲ್ಲ ಆಗಿ ಅದೇ ಶುಕ್ರವಾರ ರಾತ್ರಿ ಸಿರಕ್ಯೂಸ್‌ಗೆ ಸೆಮಿಫೈನಲ್. ವೆಸ್ಟ್ ವರ್ಜೀನಿಯ ವಿರುದ್ಧ ಅದೂ ಓವರ್‌ಟೈಮಿಗೆ ಹೋಯಿತು. ಅದನ್ನೂ ಗೆದ್ದು, ಶನಿವಾರ ಲೂಯಿವಿಲ್ ಕೈಲಿ ಫೈನಲ್ ಸೋತರು. ಸೋಲದೆ ಇನ್ನೇನು, ಪಾಪ.

ಭಾರತದಲ್ಲಿ ಕೂತು ನೋಡುವವರಿಗೆ ಇನ್ನೊಂದು ಗೋಳು. ಗುರುವಾರ ಮಧ್ಯಾಹ್ನ 12ರ ಪಂದ್ಯ ನಮಗೆ ರಾತ್ರಿ 9:30. ಊಟ ಮುಗಿಸಿ ಕೂರಬಹುದು. ರಾತ್ರಿ 9:30ರ ಪಂದ್ಯ ಶುಕ್ರವಾರ ಬೆಳಿಗ್ಗೆ 7. ಆದರೆ ಮಾರ್ಚ್‌ನ ಎರಡನೇ ಭಾನುವಾರ ಅಮೆರಿಕದವರು ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಟೂರ್ನಿ ಬರುವುದು ಅದರ ಬೆನ್ನಿಗೇ. ಹಿಂದಿನ ವಾರ ಲೀಗ್ ಪಂದ್ಯಕ್ಕೆ ಇಟ್ಟಿದ್ದ ಅಲಾರ್ಮನ್ನೇ ನಂಬಿದರೆ ಏಳುವ ಹೊತ್ತಿಗೆ ಮೊದಲಾರ್ಧ ಮುಗಿದಿರುತ್ತದೆ. ಎರಡನೇ ಪಂದ್ಯಕ್ಕೆ ಈ ತಪ್ಪು ತಾನಾಗಿ ಸರಿಹೋಗುವುದೂ ಉಂಟು, ಏಕೆಂದರೆ ಅದು ಹೇಗೂ ತಡ. 2009ರ ಆ ಪಂದ್ಯ ಬೆಂಗಳೂರಿನ ಲೆಕ್ಕದಲ್ಲಿ ಮುಗಿದದ್ದು ಶುಕ್ರವಾರ ಬೆಳಿಗ್ಗೆ 10:52ಕ್ಕೆ. "ತಿಂಡಿ ಆರಿಹೋಯ್ತು, ಇನ್ನೂ ಮುಗೀಲಿಲ್ವೇನೋ ನಿನ್ನ ಮ್ಯಾಚು?" ಎಂದು ಅಡುಗೆಮನೆಯಿಂದ ಕೂಗುವ ಅಮ್ಮನಿಗೆ ಆರನೇ ಓವರ್‌ಟೈಮ್ ಅಂದರೆ ನಂಬಿಸುವುದು ಕಷ್ಟ.

ದಿನಕ್ಕೊಂದು ಆಟ ಅಂದರೆ ದಿನಕ್ಕೊಂದು ಒಗೆತ. ಸೀಡಿಂಗ್‌ನಲ್ಲಿ, ಅಂದರೆ ಲೀಗ್ ಸ್ಥಾನದ ಪ್ರಕಾರ ಕೊಟ್ಟ ಕ್ರಮಾಂಕದಲ್ಲಿ, ಮೇಲಿರುವ ತಂಡವೇ ಆತಿಥೇಯ, ಅದಕ್ಕೆ ಬಿಳಿ ಜೆರ್ಸಿ. ಕೆಳಗಿನವರಿಗೆ ಗಾಢ ಬಣ್ಣದ್ದು. ಹಾಗಾಗಿ ಮಧ್ಯದ ತಂಡಗಳಿಗೆ ನಾಳೆ ಯಾವ ಬಣ್ಣ ಎಂಬುದು ಬೇರೆಯವರ ಪಂದ್ಯ ಮುಗಿದ ಮೇಲೆ ತಿಳಿಯುತ್ತದೆ, ಅಂದರೆ ಒಮ್ಮೊಮ್ಮೆ ಮಧ್ಯರಾತ್ರಿಗೆ. ಸಲಕರಣೆ ನೋಡಿಕೊಳ್ಳುವವರು ಎರಡು ಬಣ್ಣವನ್ನೂ ಹೊತ್ತು ತಂದಿರಬೇಕು, ಬಿಳಿಯನ್ನು ಕೆಂಪಿನ ಜೊತೆ ಯಂತ್ರಕ್ಕೆ ಹಾಕದಷ್ಟು ಎಚ್ಚರವಾಗಿಯೂ ಇರಬೇಕು. ಬೇರೆ ಸಂಖ್ಯೆಯ ಒಂದು ಜೆರ್ಸಿ ಹೆಚ್ಚಿಗೆ ಬೇಕೇ ಬೇಕು: ಬಟ್ಟೆ ರಕ್ತದಲ್ಲಿ ನೆನೆದರೆ ಆಟಗಾರ ಅದನ್ನು ಬದಲಿಸಿಯೇ ಒಳಗೆ ಬರಬೇಕು. ಆಗ ಟಿವಿ ವೀಕ್ಷಕ ವಿವರಣೆಯವರು ಎರಡು ನಿಮಿಷ ಅವನನ್ನು ಬೇರೊಬ್ಬನ ಹೆಸರಲ್ಲಿ ಹೊಗಳುತ್ತಾರೆ. ಅಂದಹಾಗೆ, ಈಚೆಗಿನವರೆಗೂ ಕಾಲೇಜು ಜೆರ್ಸಿಗಳಲ್ಲಿ 6, 7, 8, 9 ಎಂಬ ಅಂಕಿಗಳೇ ಇರಲಿಲ್ಲ, ಯಾಕೆಂದರೆ ರೆಫರಿ ಫೌಲ್ ಮಾಡಿದವನ ಸಂಖ್ಯೆಯನ್ನು ಬೆರಳಲ್ಲಿ ತೋರಿಸಬೇಕು, ಒಂದು ಕೈಗೆ ಐದೇ ಬೆರಳು. 2023-24ರಿಂದ 0ಯಿಂದ 99ರವರೆಗೆ ಏನು ಬೇಕಾದರೂ ಹಾಕಿಕೊಳ್ಳಬಹುದು.

ಇನ್ನು ಕೊನೆಯ ನಿಮಿಷ. ಗೋಡೆ ಗಡಿಯಾರದಲ್ಲಿ ಅದು ಹತ್ತು ನಿಮಿಷ. ಹಿಂದಿರುವ ತಂಡ ಬೇಕೆಂದೇ ಫೌಲ್ ಮಾಡುತ್ತದೆ, ಗಡಿಯಾರ ನಿಲ್ಲುತ್ತದೆ, ಎದುರಾಳಿ ಫ್ರೀ ಥ್ರೋಗೆ, ಅಂದರೆ ಯಾರ ಅಡ್ಡಿಯೂ ಇಲ್ಲದೆ ಒಂದು ಪಾಯಿಂಟಿಗೆ ಎಸೆಯಲು, ನಿಲ್ಲುತ್ತಾನೆ. ಒಂದು ಅವಧಿಯಲ್ಲಿ ತಂಡದ ಫೌಲ್ 7ರಿಂದ 9 ಇದ್ದರೆ ಒಂದು ಹಾಕಿದರಷ್ಟೇ ಎರಡನೆಯದು ಸಿಗುವುದು. 10 ಮುಟ್ಟಿದರೆ ಎರಡೂ ಗ್ಯಾರಂಟಿ. ಈ ಸಣ್ಣ ವ್ಯತ್ಯಾಸದಲ್ಲಿ ಇಡೀ ಸೀಸನ್ ಜಾರಿ ಬೀಳಬಹುದು. 2024ರ ಎಸಿಸಿ ಸೆಮಿಫೈನಲ್, ವಾಷಿಂಗ್ಟನ್. ವರ್ಜೀನಿಯ ಮೂರು ಪಾಯಿಂಟ್ ಮುಂದೆ, 5.3 ಸೆಕೆಂಡ್ ಬಾಕಿ, ಫ್ರೀ ಥ್ರೋ ಅವರದೇ. ಒಂದು ಹಾಕಿದ್ದರೆ ನಾಲ್ಕರ ಅಂತರ, ಕಥೆ ಮುಗಿದಂತೆ. ಮೊದಲನೆಯದೇ ತಪ್ಪಿತು, ಆದ್ದರಿಂದ ಎರಡನೆಯದು ಸಿಗಲೇ ಇಲ್ಲ. ಆಗಲೂ ಒಂದು ದಾರಿಯಿತ್ತು: ಎದುರಾಳಿ ಮೂರು ಪಾಯಿಂಟ್ ದೂರದಿಂದ ಎಸೆಯುವ ಮುಂಚೆ ಮೆತ್ತಗೆ ಫೌಲ್ ಮಾಡಿ ಹೆಚ್ಚೆಂದರೆ ಎರಡು ಫ್ರೀ ಥ್ರೋ ಕೊಟ್ಟುಬಿಡುವುದು. ಮಾಡಲಿಲ್ಲ. ನಾರ್ತ್ ಕ್ಯಾರೊಲಿನಾ ಸ್ಟೇಟ್‌ನ ಮೈಕಲ್ ಒ'ಕಾನೆಲ್ ಓಡೋಡಿ ಬಂದು ಎಸೆದದ್ದು ಹಲಗೆಗೆ ಬಡಿದು ಒಳಗೆ ಬಿತ್ತು. ಓವರ್‌ಟೈಮಲ್ಲಿ ಸ್ಟೇಟ್ 73-65.

ಅದರ ಪರಿಣಾಮ ಬಿದ್ದದ್ದು ಅಲ್ಲಿ ಕೂತವರ ಮೇಲಷ್ಟೇ ಅಲ್ಲ. ಕಾನ್ಫರೆನ್ಸ್ ಟೂರ್ನಿ ಗೆದ್ದವರಿಗೆ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ. ಆ ವರ್ಷ ಅಲ್ಲಿದ್ದದ್ದು 68 ಜಾಗ. ನೇರವಾಗಿ ಬಂದವರನ್ನು ಬಿಟ್ಟು ಉಳಿದ ಜಾಗಗಳನ್ನು ಆಯ್ಕೆ ಸಮಿತಿ ಹಂಚುತ್ತದೆ. ಸಮಿತಿ ಹೇಗೂ ಕರೆಯುತ್ತಿದ್ದ ತಂಡವೇ ಗೆದ್ದರೆ ಯಾರಿಗೂ ನಷ್ಟವಿಲ್ಲ. ಇಡೀ ಸೀಸನ್‌ನಲ್ಲಿ 17 ಗೆದ್ದು 14 ಸೋತು, ಹತ್ತನೇ ಸೀಡ್ ಆಗಿ ಬಂದ ಸ್ಟೇಟ್ ಐದು ದಿನದಲ್ಲಿ ಐದು ಆಟ ಗೆದ್ದು ಕಪ್ ಎತ್ತಿದರೆ ಎಲ್ಲೋ ದೂರದಲ್ಲಿ ಸೂಟ್‌ಕೇಸ್ ಕಟ್ಟಿ ಕೂತಿದ್ದ ಯಾವುದೋ ತಂಡದ ಜಾಗ ಹೋಯಿತು ಅಂತಲೇ ಅರ್ಥ. ಅದೇ ವಾರ ಇಂಥ ಅನಿರೀಕ್ಷಿತ ಗೆಲುವುಗಳು ಹಲವು ಕಡೆ ಆದವು. ಬಿಗ್ ಈಸ್ಟ್‌ನಲ್ಲಿ 13 ಗೆದ್ದು 7 ಸೋತಿದ್ದ ಸೀಟನ್ ಹಾಲ್ ಹೊರಗುಳಿಯಿತು, ಸಿಟ್ಟಿಗೋ ಏನೋ ಎರಡನೇ ದರ್ಜೆಯ ಎನ್‌ಐಟಿ ಟೂರ್ನಿ ಆಡಿ ಗೆದ್ದೇ ಬಿಟ್ಟಿತು. ಸ್ಟೇಟ್ ತಂಡ ರಾಷ್ಟ್ರೀಯ ಟೂರ್ನಿಯಲ್ಲಿ ಕೊನೆಯ ನಾಲ್ವರವರೆಗೆ ಹೋಯಿತು. ಅರ್ಹತೆ ಇಲ್ಲ ಎಂದು ಗೊಣಗಿದವರು ಆಮೇಲೆ ಮೊದಲಿನಿಂದಲೇ ಇಷ್ಟಪಟ್ಟಿದ್ದೆವು ಅಂದರು.

ಹಿಂದೆ ಪರಿಸ್ಥಿತಿ ಇನ್ನೂ ಕಠಿಣ. ಒಂದು ಕಾನ್ಫರೆನ್ಸಿಗೆ ಒಂದೇ ಜಾಗ. 1974ರ ಎಸಿಸಿ ಫೈನಲ್‌ನಲ್ಲಿ ಮೇರಿಲ್ಯಾಂಡ್ 103-100ಕ್ಕೆ ಓವರ್‌ಟೈಮಲ್ಲಿ ಸೋತಿತು, ಆ ಕಾಲದ ಅತ್ಯುತ್ತಮ ತಂಡಗಳಲ್ಲಿ ಒಂದಾಗಿದ್ದೂ ಮನೆಗೆ ಹೋಯಿತು. ಅವರನ್ನು ಸೋಲಿಸಿದ ಸ್ಟೇಟ್ ರಾಷ್ಟ್ರೀಯ ಚಾಂಪಿಯನ್ ಆಯಿತು. ಮರುವರ್ಷ ರಾಷ್ಟ್ರೀಯ ಟೂರ್ನಿಯನ್ನು 32 ತಂಡಗಳಿಗೆ ಹಿಗ್ಗಿಸಿ ಒಂದೇ ಕಾನ್ಫರೆನ್ಸಿನಿಂದ ಒಂದಕ್ಕಿಂತ ಹೆಚ್ಚು ತಂಡ ಬರಲು ಬಿಟ್ಟರು.

ತಪ್ಪಿದ ಫ್ರೀ ಥ್ರೋಗೆ ಕಾರಣ ಹುಡುಕಬಹುದು, ಗಾಳಿಗೆ ಯಾರನ್ನು ಹೊಣೆ ಮಾಡುವುದು? 2008ರ ಮಾರ್ಚ್ 14ರ ರಾತ್ರಿ ಅಟ್ಲಾಂಟದ ಜಾರ್ಜಿಯ ಡೋಮ್‌ಗೆ ಬಂದದ್ದು ಸುಂಟರಗಾಳಿ. ಎಸ್‌ಇಸಿ ಎಂಬ ಮತ್ತೊಂದು ಕಾನ್ಫರೆನ್ಸಿನ ಟೂರ್ನಿ, ಅಲಬಾಮ ಮತ್ತು ಮಿಸಿಸಿಪಿ ಸ್ಟೇಟ್. ಅಲಬಾಮದ ಮೈಕಲ್ ರೈಲಿ ಬಝರ್ ಹೊತ್ತಿಗೆ ಮೂರು ಪಾಯಿಂಟ್ ಹಾಕಿ ಓವರ್‌ಟೈಮ್ ತಂದಿಟ್ಟ. ಓವರ್‌ಟೈಮ್ ನಡೆಯುತ್ತಿರುವಾಗಲೇ ಚಾವಣಿ ಅಲುಗಾಡಿತು, ಗೋಡೆಯ ಕಡೆ ಹರಿಯಿತು. ಆ ಚೆಂಡು ಬೀಳದಿದ್ದರೆ ಸಾವಿರಾರು ಜನ ಅಷ್ಟು ಹೊತ್ತಿಗೆ ಹೊರಗೆ ರಸ್ತೆಯಲ್ಲಿರುತ್ತಿದ್ದರು. ಪಂದ್ಯ ತಡವಾಗುವುದನ್ನು ಬೈಯುವವರು ಇದೊಂದನ್ನು ಲೆಕ್ಕದಿಂದ ತೆಗೆಯಬೇಕು.

ಸುಮಾರು ಒಂದು ಗಂಟೆ ನಿಲ್ಲಿಸಿ ಆ ಪಂದ್ಯವನ್ನು ಮುಗಿಸಿದರು. ಆಮೇಲಿನದು ಜಾರ್ಜಿಯ ಮತ್ತು ಕೆಂಟಕಿ. ಅದನ್ನು ಶನಿವಾರಕ್ಕೆ ಮುಂದೂಡಿ, ಊರಲ್ಲೇ ಇದ್ದ ಜಾರ್ಜಿಯ ಟೆಕ್‌ನ ಪುಟ್ಟ ಕ್ರೀಡಾಂಗಣಕ್ಕೆ ಎಲ್ಲವನ್ನೂ ಸಾಗಿಸಿದರು. ಡೋಮ್‌ನ ಟಿಕೆಟ್ ಹಿಡಿದಿದ್ದ ಬಹುತೇಕ ಜನರಿಗೆ ಅಲ್ಲಿ ಪ್ರವೇಶವಿಲ್ಲ. ಜಾರ್ಜಿಯ ತಂಡಕ್ಕೆ ಜಾರ್ಜಿಯ ಟೆಕ್ ಅಂದರೆ ಆಗದ ದಾಯಾದಿ, ಅವರ ಮನೆಯಲ್ಲೇ ಊಟಕ್ಕೆ ಕೂತಂತಾಯಿತು. ಲೀಗ್‌ನಲ್ಲಿ 4 ಗೆದ್ದು 12 ಸೋತು ಬಂದಿದ್ದ ಈ ತಂಡ ಒಂದೇ ಶನಿವಾರ ಕೆಂಟಕಿಯನ್ನೂ ಮಿಸಿಸಿಪಿ ಸ್ಟೇಟನ್ನೂ ಸೋಲಿಸಿತು. ಭಾನುವಾರ ಅರ್ಕನ್ಸಾಸನ್ನು 66-57ಕ್ಕೆ ಸೋಲಿಸಿ ಕಪ್ ಹೊತ್ತಿತು. ಅಷ್ಟು ಕೆಟ್ಟ ಸೀಸನ್ ಆಡಿದವರಿಗೆ ಇಷ್ಟು ಒಳ್ಳೆಯ ವಾರಾಂತ್ಯ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಇನ್ನೊಂದಿದ್ದರೆ ತೋರಿಸಿ.

2020ರ ಮಾರ್ಚ್ 12ರಂದು ಗಾರ್ಡನ್‌ನಲ್ಲಿ 12ರ ಪಂದ್ಯ 12ಕ್ಕೇ ಶುರುವಾಯಿತು. ಸೇಂಟ್ ಜಾನ್ಸ್ 38, ಕ್ರೈಟನ್ 35, ವಿರಾಮ. ಕೊರೋನಾ ಕಾರಣಕ್ಕೆ ದೇಶದ ಬೇರೆ ಕಾನ್ಫರೆನ್ಸ್‌ಗಳೆಲ್ಲ ಒಂದೊಂದಾಗಿ ಟೂರ್ನಿ ರದ್ದು ಮಾಡುತ್ತಿದ್ದರೆ ಬಿಗ್ ಈಸ್ಟ್ ಮೊದಲಾರ್ಧ ಆಡಿಸಿಬಿಟ್ಟಿತ್ತು. ದ್ವಿತೀಯಾರ್ಧ ನಡೆಯಲೇ ಇಲ್ಲ. ಅದೇ ಹೊತ್ತಿಗೆ ಗ್ರೀನ್ಸ್‌ಬರೊದಲ್ಲಿ ಎಸಿಸಿಯವರು ಪಂದ್ಯಕ್ಕೆಂದು ಬಂದಿದ್ದ ಫ್ಲಾರಿಡ ಸ್ಟೇಟ್ ತಂಡಕ್ಕೆ, ಲೀಗ್‌ನಲ್ಲಿ ಮೊದಲು ಬಂದಿದ್ದೀರಲ್ಲ ಎಂದು ಖಾಲಿ ಅಂಕಣದಲ್ಲಿ ಟ್ರೋಫಿ ಕೊಟ್ಟು ಕಳಿಸಿದರು. ಆಡದೆ ಗೆದ್ದವರ ಮುಖದಲ್ಲಿ ಯಾವ ಭಾವ ಇಟ್ಟುಕೊಳ್ಳಬೇಕು ಎಂಬುದಕ್ಕೆ ಯಾವ ಕೋಚೂ ತರಬೇತಿ ಕೊಟ್ಟಿರುವುದಿಲ್ಲ.

ಎಲ್ಲ ಸುಸೂತ್ರವಾಗಿ ಫೈನಲ್‌ವರೆಗೆ ಬಂದರೆ ಕೊನೆಯ ಕೆಲಸ ಗೆದ್ದವರು ಏಣಿ ಹತ್ತಿ ಬುಟ್ಟಿಯ ಬಲೆ ಕತ್ತರಿಸುವುದು. ಈ ಪದ್ಧತಿಯನ್ನು ಇಂಡಿಯಾನದಿಂದ ತಂದು ಕಾಲೇಜು ಆಟಕ್ಕೆ ಅಂಟಿಸಿದವರು ನಾರ್ತ್ ಕ್ಯಾರೊಲಿನಾ ಸ್ಟೇಟ್‌ನ ಕೋಚ್ ಎವರೆಟ್ ಕೇಸ್, 1947ರ ಸದರ್ನ್ ಕಾನ್ಫರೆನ್ಸ್ ಗೆದ್ದಾಗ. ನೋಡಲು ಸುಲಭ, ಮಾಡಲು ಹೊರಟರೆ ಲೆಕ್ಕ ತಪ್ಪುತ್ತದೆ. ಬಲೆ ತೂಗುವ ಕಬ್ಬಿಣದ ಬಳೆ ಇರುವುದು ಹತ್ತಡಿ ಎತ್ತರದಲ್ಲಿ. ಏಣಿಯನ್ನು ಬಳೆಯ ನೇರ ಕೆಳಗಿಡದೆ ಒಂದಡಿ ಈಚೆಗಿಡಬೇಕು, ಇಲ್ಲವಾದರೆ ಹತ್ತಿದವನ ತಲೆ ಬಲೆಯೊಳಗೆ ಹೋಗುತ್ತದೆ. ಆರೂವರೆ ಅಡಿಯ ಸೆಂಟರ್‌ಗೆ ಮೂರನೇ ಮೆಟ್ಟಿಲು ಸಾಕು, ಗಿಡ್ಡ ಗಾರ್ಡ್‌ಗೆ ಇನ್ನೂ ಮೇಲೆ ಬೇಕು, ಇಬ್ಬರಿಗೂ ಕೆಳಗೆ ಏಣಿ ಹಿಡಿಯಲು ಒಬ್ಬರು ಬೇಕು. ಬಲೆ ಬಳೆಗೆ ಸಿಕ್ಕಿಕೊಂಡಿರುವುದು ಹನ್ನೆರಡು ಕುಣಿಕೆಗಳಲ್ಲಿ. ಆಟಗಾರರೇ ಹದಿನೈದರ ಹತ್ತಿರ, ಅವರ ಹಿಂದೆ ಸಹಾಯಕ ಕೋಚ್‌ಗಳು, ಫಿಸಿಯೋ, ವಿದ್ಯಾರ್ಥಿ ಮ್ಯಾನೇಜರ್‌ಗಳು. ಮೊದಲು ಹತ್ತಿದ ಹುಡುಗರು ಉಮೇದಿನಲ್ಲಿ ಇಡೀ ಕುಣಿಕೆಯನ್ನೇ ಕತ್ತರಿಸಿ ಜೇಬಿಗೆ ಹಾಕಿಕೊಂಡರೆ ಕೋಚ್ ಬರುವ ಹೊತ್ತಿಗೆ ಬಲೆ ಒಂದೇ ದಾರದಲ್ಲಿ ಜೋತಾಡುತ್ತಿರುತ್ತದೆ. ಹಾಗಾಗಿ ಕತ್ತರಿ ಕೊಡುವಾಗಲೇ ಹೇಳಬೇಕು: ಒಬ್ಬರಿಗೆ ಒಂದು ಎಳೆ, ಕುಣಿಕೆ ಮುಟ್ಟಬೇಡಿ. ಎಳೆ ಸಾಲದಿದ್ದರೆ ಗಾಬರಿ ಬೇಡ, ಅಂಕಣದ ಆ ತುದಿಯಲ್ಲಿ ಇನ್ನೊಂದು ಬುಟ್ಟಿ ಇದೆ. ಏಣಿಯನ್ನು ಅಲ್ಲಿಗೆ ಸಾಗಿಸುವವರು ಚಕ್ರ ಇದೆಯೆಂದು ಎಳೆದುಕೊಂಡು ಹೋಗದೆ ಎತ್ತಿಕೊಂಡು ಹೋಗಲಿ. ಮರದ ನೆಲ ಬಾಡಿಗೆಯದಾಗಿರಬಹುದು, ಗೀರು ಬಿದ್ದರೆ ಬಿಲ್ಲು ಚಾಂಪಿಯನ್ನರಿಗೇ ಬರುತ್ತದೆ.